ಬೂದಿದಿಬ್ಬಗಳು: ಐತಿಹ್ಯವೂ ಉತ್ಖನನವೂ

ಆಳುಪರ ರಾಜಧಾನಿಯಾಗಿದ್ದ ಉದ್ಯಾವರದಲ್ಲಿ ಕ್ರಿ.ಶ. 8ನೆಯ ಶತಮಾನದ ಶಿಲಾಶಾಸನಗಳು ಹಲವು ದೊರೆತಿವೆ. ಊರನ್ನು ಹಿಡಿಯಲು ನಡೆದ ಕಾಳಗಗಳಲ್ಲಿ ಮಡಿದವರ ಸ್ಮರಣೆಗಾಗಿ ನಿಲ್ಲಿಸಿದ ಕಲ್ಲುಗಳು ಅವುಗಳಲ್ಲಿವೆ. ಸತ್ತವನು ಯಾರು, ಯಾರ ಪಕ್ಷದಲ್ಲಿ ಕಾದಿದನು ಎಂಬುದನ್ನು ಕಲ್ಲೇ ಹೇಳುವುದರಿಂದ ಅಲ್ಲಿ ಇತಿಹಾಸಕಾರನ ಕೆಲಸ ಅಷ್ಟರಮಟ್ಟಿಗೆ ಸುಲಭ. ಆದರೆ ಬರಹವೇ ಇಲ್ಲದ ಕಾಲದ ಅವಶೇಷವೊಂದು ಎದುರಾದಾಗ ಅದರ ಅರ್ಥವನ್ನು ಯಾರಿಂದ ಕೇಳಬೇಕು? ಊರಿನವರ ಐತಿಹ್ಯದಿಂದಲೋ, ಉತ್ಖನನದಿಂದಲೋ? ಈ ಪ್ರಶ್ನೆಯನ್ನು ವಿಚಾರಿಸಲು ಘಟ್ಟದಾಚೆಯ ಬಳ್ಳಾರಿ ಸೀಮೆಯ ಬೂದಿದಿಬ್ಬಗಳಿಗಿಂತ ಉತ್ತಮವಾದ ನಿದರ್ಶನ ಕರ್ನಾಟಕದಲ್ಲಿ ವಿರಳ.

ಕುಡತಿನಿ, ಕುಪ್ಪಗಲ್ಲು ಮೊದಲಾದ ಊರುಗಳ ಬಳಿ ಬಿಳಿಯ ಬೂದಿಯೂ ಕರಗಿ ಗಾಜಿನಂತಾದ ಕಿಟ್ಟವೂ ಪದರಪದರವಾಗಿ ಸೇರಿದ ದಿಬ್ಬಗಳಿವೆ. ದಕ್ಷಿಣ ದಖ್ಖನಿನಲ್ಲಿ ಇಂಥವು ನೂರಕ್ಕೂ ಹೆಚ್ಚು ಗುರುತಾಗಿವೆ. ಇವುಗಳನ್ನು ಜನರು ಚಿತೆಗಳೆಂದೇ ತಿಳಿದಿದ್ದರು. ಭೀಮನಿಂದ ಹತನಾದ ಹಿಡಿಂಬಾಸುರನನ್ನು ದಹಿಸಿದ ಬೂದಿ ಇದು ಎಂಬುದು ಬಳ್ಳಾರಿ ಸೀಮೆಯ ಐತಿಹ್ಯ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವಾದರೋ ರಾಮನ ಬಾಣಕ್ಕೆ ಬಿದ್ದ ವಾಲಿಯ ದಹನಸ್ಥಳವೆಂದು ಪ್ರಸಿದ್ಧವಾಗಿದೆ. ಕಿಷ್ಕಿಂಧೆಯ ಕಥೆಯನ್ನು ಬೆಟ್ಟಬೆಟ್ಟದಲ್ಲಿಯೂ ಗುರುತಿಸುವ ಆ ಪ್ರದೇಶದಲ್ಲಿ ಇಂಥ ನಂಬಿಕೆ ಬೆಳೆದುದು ಸಹಜವೇ ಆಗಿದೆ.

ವಿದ್ವಾಂಸರ ಊಹೆಗಳೂ ಆರಂಭದಲ್ಲಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಮದರಾಸು ಸೈನ್ಯದ ಅಧಿಕಾರಿ ನ್ಯೂಬೋಲ್ಡ್ 1836ರಲ್ಲಿ ಈ ಕಿಟ್ಟವನ್ನು ಕುರಿತು ಬರೆದಾಗ ಜ್ವಾಲಾಮುಖಿಯ ಪ್ರಶ್ನೆಯೂ ಚರ್ಚೆಗೆ ಬಂದಿತ್ತು. ಮುಂದೆ ಕೆಲವರು ಇದನ್ನು ಕಬ್ಬಿಣ ಕರಗಿಸಿದ ಕುಲುಮೆಯ ಶೇಷವೆಂದರು. ಕೆಲವರು ಮಧ್ಯಯುಗದ ಸಾಮೂಹಿಕ ದಹನವೆಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ದಿಬ್ಬಗಳ ಆಸುಪಾಸಿನಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಗಮನಿಸಿ, ಇವು ನವಶಿಲಾಯುಗದವು, ಸುಟ್ಟದ್ದು ದನದ ಸಗಣಿ ಎಂಬ ನಿರ್ಣಯಕ್ಕೆ ಬಂದನು. 1957ರಲ್ಲಿ ಆಲ್ಚಿನ್ ಅವರು ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ನಡೆಸಿದ ಉತ್ಖನನ ಈ ನಿರ್ಣಯವನ್ನು ದೃಢಪಡಿಸಿತು. ಬೂದಿಯ ಪದರಗಳ ನಡುವೆ ದೊಡ್ಡಿಯ ಬೇಲಿಗಾಗಿ ನೆಟ್ಟ ಗೂಟಗಳ ಕುಳಿಗಳು ಸಾಲಾಗಿ ಕಂಡುವು. ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದುವು. ಜಾಯ್ನರ್ 1960ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಮೂಲದ್ರವ್ಯ ಸಗಣಿಯೇ ಎಂದು ತೋರಿಸಿತು. ಈ ದಿಬ್ಬಗಳ ಸಂಸ್ಕೃತಿಯ ಕಾಲ ಸ್ಥೂಲವಾಗಿ ಕ್ರಿ.ಪೂ. 3000 ರಿಂದ 1200 ರವರೆಗೆ ಹರಡಿದೆ.

ಹಾಗಾದರೆ ಆ ಜನರ ಸಮಾಧಿಗಳೆಲ್ಲಿ? ಅವು ದಿಬ್ಬಗಳಲ್ಲಿಯಲ್ಲ, ವಾಸದ ನೆಲೆಗಳಲ್ಲಿಯೇ ದೊರೆತುವು. 1947ರಲ್ಲಿ ವೀಲರ್ ಅಗೆಸಿದ ಬ್ರಹ್ಮಗಿರಿಯಲ್ಲಿ ಶಿಶುಗಳನ್ನು ಮಡಕೆಗಳಲ್ಲಿಟ್ಟು ಹೂಳಿದ್ದುದು ಕಂಡುಬಂದಿತು. 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದ ತೆಕ್ಕಲಕೋಟೆಯಲ್ಲಿಯೂ ಸತ್ತವರನ್ನು ಬದುಕಿದ್ದವರ ಮಗ್ಗುಲಲ್ಲಿಯೇ ಹೂಳಿದ್ದರು. ಆದುದರಿಂದ ರಾಕ್ಷಸನ ಚಿತೆಯೆಂದು ಜನರು ಕೈತೋರಿಸಿದ ಸ್ಥಳ ದನದ ದೊಡ್ಡಿ. ನಿಜವಾದ ಸಮಾಧಿಯಾದರೋ ಯಾರ ಕಥೆಯೂ ಇಲ್ಲದೆ ಮನೆಯ ನೆಲದಡಿಯಲ್ಲಿ ಮಡಕೆಯೊಳಗೆ ಮಲಗಿದ ಕೂಸಿನದು.

ಹೀಗೆಂದು ಐತಿಹ್ಯವನ್ನು ಹುಸಿಯೆಂದು ತಳ್ಳಿಹಾಕುವುದು ಸರಿಯಲ್ಲ. ಇದು ಮಣ್ಣಲ್ಲ, ಬೂದಿ. ಇದರ ಹಿಂದೆ ಅಸಾಧಾರಣವಾದ ಬೆಂಕಿಯಿದೆ ಎಂಬ ಎರಡು ಮುಖ್ಯ ಸಂಗತಿಗಳನ್ನು ಜನರು ವಿದ್ವಾಂಸರಿಗಿಂತ ಮೊದಲೇ ಕಂಡುಕೊಂಡಿದ್ದರು. ತಪ್ಪಿದುದು ಸುಟ್ಟದ್ದೇನು ಎಂಬಲ್ಲಿ ಮಾತ್ರ. ಬೆಂಕಿ ಆಕಸ್ಮಿಕವಲ್ಲ, ಋತುಮಾನದ ಆಚರಣೆಯಾಗಿದ್ದಿರಬೇಕೆಂದು ಆಲ್ಚಿನ್ ಅಭಿಪ್ರಾಯಪಟ್ಟರು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ಬಲ್ಲವರಿಗೆ ಈ ಅಭಿಪ್ರಾಯ ವಿಚಿತ್ರವೆನಿಸದು. ನಾಲ್ಕು ಸಾವಿರ ವರ್ಷಗಳ ಅವಿಚ್ಛಿನ್ನ ಪರಂಪರೆ ಇದೆಯೆಂದು ಸಾಧಿಸಲು ಇಷ್ಟೇ ಸಾಲದು. ದನ ಮತ್ತು ಬೆಂಕಿಗಳ ಸಂಬಂಧ ಕನ್ನಡಿಗರಿಗೆ ಅಪರಿಚಿತವಲ್ಲ ಎಂದಷ್ಟೇ ಹೇಳಬಹುದು.

ಭಾಷೆಯಲ್ಲಿಯೂ ಗಮನಿಸತಕ್ಕ ಅಂಶವೊಂದಿದೆ. ನಮ್ಮ ಕರಾವಳಿಯಲ್ಲಿ ಹಟ್ಟಿಯೆಂದರೆ ದನಗಳನ್ನು ಕಟ್ಟುವ ಸ್ಥಳ. ಬಯಲುಸೀಮೆಯಲ್ಲಿ ಅದೇ ಮಾತಿಗೆ ಜನವಸತಿಯೆಂಬ ಅರ್ಥವೂ ಉಂಟು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ನಡೆಸಿದ ವಿಸ್ತಾರವಾದ ಉತ್ಖನನದಲ್ಲಿ ಈ ಎರಡು ಅರ್ಥಗಳೂ ಒಂದೆಡೆ ಕೂಡಿದಂತೆ ತೋರುತ್ತದೆ. ಬೂದಿಯ ದೊಡ್ಡಿ, ಅದಕ್ಕೆ ತಾಗಿದಂತೆ ಮನೆಗಳು, ಪ್ರಾಣಿಗಳನ್ನು ಕೊಯ್ದ ನೆಲ, ಮಕ್ಕಳ ಸಮಾಧಿಗಳು ಎಲ್ಲವೂ ಅಲ್ಲಿ ಒಂದೇ ನೆಲೆಯ ಅಂಗಗಳಾಗಿದ್ದುವು. ಊರಿನ ಹೆಸರಿನಲ್ಲಿಯೇ ಬೂದಿ ಉಳಿದಿದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಹೊಲವನ್ನು ಸಮಮಾಡುವಾಗ, ಬೂದಿಯನ್ನು ಗೊಬ್ಬರಕ್ಕಾಗಿ ಸಾಗಿಸುವಾಗ ಅನೇಕ ದಿಬ್ಬಗಳು ಸವೆದುಹೋಗಿವೆ. ಕುಪ್ಪಗಲ್ಲಿನ ಬೆಟ್ಟಕ್ಕೆ ಕಲ್ಲುಗಣಿಯ ಪೆಟ್ಟು ಬಿದ್ದಿದೆ. ವಾಲಿಯ ಚಿತೆಯೆಂದು ಕೈಮುಗಿಯುವವನು ಅದರ ಬೂದಿಯನ್ನು ಗಾಡಿಗೆ ತುಂಬಲು ಹಿಂಜರಿಯುತ್ತಾನೆ. ಆತನಿಗೆ ನಾವು, ಇದು ಚಿತೆಯಲ್ಲ, ಸಗಣಿಯ ಬೂದಿ ಎಂದು ಹೇಳಿ ಸುಮ್ಮನಾದರೆ, ನಮ್ಮ ಸತ್ಯವೇ ದಿಬ್ಬದ ನಾಶಕ್ಕೆ ಕಾರಣವಾದೀತು. ಇಲ್ಲಿ ಮೊದಲ ದನಗಾಹಿಗಳು ಹಿಂಡು ಕಟ್ಟಿದರು, ಮನೆ ಹೂಡಿದರು, ಇವರ ಊರಿನ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ ಎಂಬ ಮುಂದಿನ ಮಾತನ್ನೂ ಹೇಳುವ ಹೊಣೆ ನಮ್ಮದು. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಮಡಕೆಯ ಚೂರುಗಳನ್ನು ಪಟ್ಟಿಮಾಡುವಷ್ಟೇ ಶ್ರದ್ಧೆಯಿಂದ ಊರಿನ ಹಿರಿಯರು ಹೇಳುವ ಕಥೆಯನ್ನೂ ಬರೆದುಕೊಳ್ಳಬೇಕು. ಉದ್ಯಾವರದ ಕಲ್ಲು ತನ್ನ ಸತ್ತವನ ಹೆಸರನ್ನು ತಾನೇ ಹೇಳುತ್ತದೆ. ಹೆಸರಿಲ್ಲದ ಈ ದಿಬ್ಬಗಳ ಪರವಾಗಿ ಐತಿಹ್ಯ ಇಷ್ಟುಕಾಲ ಮಾತನಾಡಿದೆ; ಇನ್ನು ಉತ್ಖನನವೂ ಅದರ ಜೊತೆಗೆ ನಿಂತು ಮಾತನಾಡಬೇಕಾಗಿದೆ.