ಮುರಕಲ್ಲಿಗೆ ಹೆಸರಿಟ್ಟ ಡಾಕ್ಟರು ಮತ್ತು ನಮ್ಮ ಕೋರೆಯ ವಿಚಿತ್ರ ಕಲ್ಲುಗಳು

ಕೆಂಪು ಕಲ್ಲಿನ ಕೋರೆಯಲ್ಲೋ ಬಾವಿ ತೋಡುವಾಗಲೋ ವಿಚಿತ್ರ ಕಲ್ಲೊಂದು ಸಿಕ್ಕಿತು ಅನ್ನಿ. ಅದರ ಫೋಟೊ ಮೊದಲು ಹೋಗುವುದು ವಾಟ್ಸಾಪ್ ಗುಂಪಿಗೆ. ಒಬ್ಬರು ಉಲ್ಕೆ ಅಂತಾರೆ, ಇನ್ನೊಬ್ಬರು ಡೈನೋಸಾರ್ ಮೊಟ್ಟೆ ಅಂತಾರೆ. ತಿಳಿದವರು ಕಲ್ಲನ್ನು ಹೇಗೆ ಗುರುತಿಸುತ್ತಾರೆ ಎನ್ನುವುದಕ್ಕೆ ಮಂಗಳೂರಿನ ನಮ್ಮ ಮನೆಗಳ ಗೋಡೆಯಲ್ಲೇ ಒಂದು ಹಳೆಯ ಕತೆ ಇದೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನೇನಿದೆ ಎಂದು ಈಸ್ಟ್ ಇಂಡಿಯಾ ಕಂಪನಿಗೆ ತಿಳಿಯಬೇಕಿತ್ತು. ಅದಕ್ಕಾಗಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರನ್ನು ಕಳಿಸಿದರು. ಆತ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು, ಮೈಸೂರು ಸೀಮೆ ಸುತ್ತಿ ಮಲಬಾರಿಗೆ ಇಳಿದ. ಮರುವರ್ಷದ ಆರಂಭದಲ್ಲಿ ಕಾಸರಗೋಡು ದಾಟಿ ಮಂಗಳೂರಿಗೂ ಬಂದ. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಡಿಪುರದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಮುರಕಲ್ಲು. ಮೈತುಂಬ ತೂತು, ಕೆಂಪು ಹಳದಿ ಬಣ್ಣ. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ. ನಮ್ಮ ಕೋರೆಯವರಿಗೆ ಇದು ಹೊಸ ವಿಷಯವೇ ಅಲ್ಲ! ಬುಕಾನನ್ ಮಾಡಿದ ಒಳ್ಳೆಯ ಕೆಲಸ ಏನೆಂದರೆ, ಜನ ಅದನ್ನು ಹೇಗೆ ಕಡಿಯುತ್ತಾರೆ ಎಂದು ನೋಡಿದ, ಏನೆನ್ನುತ್ತಾರೆ ಎಂದು ಕೇಳಿದ. 'ಇಟಿಕ ಕಲ್ಲು', ಅಂದರೆ ಇಟ್ಟಿಗೆ ಕಲ್ಲು ಎಂದು ಬರೆದುಕೊಂಡ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ 'ಲೇಟರ್'. ಅದರಿಂದ 'ಲ್ಯಾಟರೈಟ್' ಎಂಬ ಹೆಸರು ಹುಟ್ಟಿ, 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದ ಮೂಲಕ ಜಗತ್ತಿಗೆಲ್ಲ ಹೋಯಿತು. ಇವತ್ತು ಆಫ್ರಿಕಾದಲ್ಲೂ ಬ್ರೆಜಿಲ್‌ನಲ್ಲೂ ಇಂಥ ಕಲ್ಲಿಗೆ ಅದೇ ಹೆಸರು. ಕಲ್ಲು ಕಡಿಯುವವರ ಮಾತೇ ವಿಜ್ಞಾನದ ಹೆಸರಾಯಿತು ಎಂದರೂ ತಪ್ಪಾಗದು.

ಆದರೆ ಹೆಸರು ಸಿಕ್ಕಿದ ಕೂಡಲೇ ಕಲ್ಲು ಅರ್ಥವಾಗಲಿಲ್ಲ. ಅದು ಹುಟ್ಟಿದ್ದು ಹೇಗೆ ಎಂಬ ಚರ್ಚೆ ನೂರಾರು ವರ್ಷ ನಡೆಯಿತು. ಈಗ ತಿಳಿದಿರುವುದು ಇಷ್ಟು: ಬಿಸಿಲು, ಮಳೆ ಜೋರಾಗಿರುವ ಕಡೆ ಹಳೆಯ ಬಂಡೆ ನಿಂತಲ್ಲೇ ಕೊಳೆಯುತ್ತದೆ. ಕರಗುವುದೆಲ್ಲ ನೀರಿನ ಜೊತೆ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಹಾಗಾಗಿ ಕೋರೆಯಲ್ಲಿ ಸಿಗುವ ಭಾರದ ಕಪ್ಪು ಉಂಡೆ ಹೆಚ್ಚಿನ ಸಲ ನಮ್ಮೂರಿನದೇ ಕಬ್ಬಿಣದ ಗಂಟು. ಬೇರಿನಂಥ ಕೊಳವೆಗಳೂ ಬಹುಪಾಲು ಮುರಕಲ್ಲಿನ ಸಹಜ ರಚನೆಯೇ, ಪಳೆಯುಳಿಕೆ ಅಲ್ಲ.

ಹಾಗಂತ ನಿಜವಾದ ಉಲ್ಕೆ ಇಲ್ಲಿ ಬೀಳಲೇ ಇಲ್ಲ ಎಂದಲ್ಲ. ಉಡುಪಿ ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲ, 1866ರ ಏಪ್ರಿಲ್. ಅಲ್ಲಿ ಬಿದ್ದ ಸುಮಾರು ಮೂರೂವರೆ ಕಿಲೋ ತೂಕದ ಕಲ್ಲು ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ಇವತ್ತಿಗೂ 'ಉಡಿಪಿ' ಎಂಬ ಹೆಸರಲ್ಲೇ ಇದೆ. ಉಲ್ಕೆಗೆ ಬಿದ್ದ ಊರಿನ ಹೆಸರೇ ಇಡುವ ಪದ್ಧತಿ. ಎಲ್ಲಿ ಸಿಕ್ಕಿತು ಎಂದು ಯಾರೂ ಹೇಳದಿದ್ದರೆ ಊರಿನ ಹೆಸರು ಎಲ್ಲಿಂದ ಬರಬೇಕು?

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಿಳಿ ಟೈಲ್ಸಿನ ಹಿಂಬದಿ, ನುಣುಪಿಲ್ಲದ ಕಡೆ ಕಲ್ಲನ್ನು ಉಜ್ಜಿ. ಕೆಂಪು ಅಥವಾ ಹಳದಿ ಮಿಶ್ರಿತ ಕಂದು ಗೆರೆ ಬಿದ್ದರೆ ಅದು ನೆಲದ ಕಬ್ಬಿಣವೇ ಇರಬೇಕು. ಉಲ್ಕೆ ಸಾಮಾನ್ಯವಾಗಿ ಅಂಥ ಗೆರೆ ಬಿಡುವುದಿಲ್ಲ. ಅಯಸ್ಕಾಂತ ಅಂಟಿತು ಎಂದ ಮಾತ್ರಕ್ಕೆ ಕುಣಿಯಬೇಡಿ, ಮುರಕಲ್ಲಿನ ಕೆಲವು ಗಂಟುಗಳಿಗೂ ಅಂಟುತ್ತದೆ. ಇನ್ನು 'ರೈಸ್ ಪುಲ್ಲಿಂಗ್' ವಸ್ತು, ಕೋಟಿ ಬೆಲೆ, ಮೊದಲು ಪರೀಕ್ಷೆಯ ಖರ್ಚು ಕೊಡಿ ಎಂದು ಬರುವವರ ಬಳಿ ಮಾತಿಗೂ ನಿಲ್ಲಬೇಡಿ. ಅದು ಶುದ್ಧ ಮೋಸ.

ಕೇಳುವುದಾದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವಿದೆ. ಉಲ್ಕೆಯೆಂಬ ಅನುಮಾನ ಗಟ್ಟಿಯಾಗಿದ್ದರೆ ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಬರೆಯಿರಿ. ಕಲ್ಲನ್ನು ಒಡೆಯಬೇಡಿ, ಆಸಿಡ್ ಹಾಕಿ ತೊಳೆಯಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಸಿಕ್ಕಿದ ಗುಂಡಿಯದ್ದೂ ಒಂದಿರಲಿ. ಎಷ್ಟು ಆಳ, ಯಾವ ಬಣ್ಣದ ಮಣ್ಣು ಎಂದು ಬರೆದಿಡಿ, ಫೋನಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಜೆಸಿಬಿ ಮತ್ತೊಮ್ಮೆ ಓಡಿದರೆ ಆ ಗುಂಡಿ ಉಳಿಯುವುದಿಲ್ಲ. ಕಲ್ಲಿನ ಮೇಲೆ ಅಕ್ಷರವೋ ಕೆತ್ತನೆಯೋ ಕಂಡರೆ ಮಾತ್ರ ದಾರಿ ಬೇರೆ: ಅದನ್ನು ಅಲ್ಲೇ ಬಿಟ್ಟು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ.