ಕೆಪಾಸಿಟರ್ ಬದಲಿಸುವ ಮುನ್ನ ಇಷ್ಟು ತಿಳಿದಿರಲಿ

ಚನ್ನಪಟ್ಟಣದಲ್ಲಿ ನನ್ನ ಕಂಪ್ಯೂಟರ್ ಆನ್ ಆಗದೇ ಹೋದಾಗ ಸಿಕ್ಕ ಸಲಹೆ ಒಂದೇ: 'ಪವರ್ ಸಪ್ಲೈ ಹೊಸದು ಹಾಕ್ಸಿ.' ಬಿಚ್ಚಿ ನೋಡಿದರೆ, ತಲೆ ಉಬ್ಬಿದ ಎರಡು ಕೆಪಾಸಿಟರ್. ಅಷ್ಟಕ್ಕೆ ಇಡೀ ಡಬ್ಬಿ ಇ-ತ್ಯಾಜ್ಯ ಆಗಬೇಕಾ?

ಮೊದಲು ಜೀವ. ಪ್ಲಗ್ ಕಿತ್ತ ಮೇಲೂ ಇನ್‌ಪುಟ್ ಬದಿಯ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿ ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಅಳೆಯಲು ಬರದಿದ್ದರೆ ಬಲ್ಲವರ ಕೈಗೇ ಕೊಡಿ.

ಇನ್ನು ಆಯ್ಕೆ.

ಮೈಕ್ರೋಫ್ಯಾರಡ್: ಹಳೆಯದರಷ್ಟೇ ಇರಲಿ.

ವೋಲ್ಟ್: ಅಷ್ಟೇ ಅಥವಾ ಹೆಚ್ಚು. 10ರ ಜಾಗಕ್ಕೆ 16 ನಡೀತದೆ, 6.3 ನಡೆಯಲ್ಲ.

ತಾಪ: 85 ಡಿಗ್ರಿಯದು ಬೇಡ, 105ರದ್ದೇ ತನ್ನಿ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಫ್ಯಾನಿನ ಧೂಳೂ ತೆಗೀರಿ.

ಇಎಸ್‌ಆರ್: ಅಂದರೆ ಒಳಗಿನ ಪ್ರತಿರೋಧ. ಔಟ್‌ಪುಟ್ ಬದಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟ್ ಏರಿಳಿಯುತ್ತದೆ. ಅಲ್ಲಿ ಸಾಮಾನ್ಯ ಕೆಪಾಸಿಟರ್ ಕಾದು ಮತ್ತೆ ಉಬ್ಬುತ್ತದೆ. 'ಲೋ ಇಎಸ್‌ಆರ್' ಕೇಳಿ. ರಿಪಲ್ ಕರೆಂಟ್ ಸಾಮರ್ಥ್ಯವೂ ಹಳೆಯದಕ್ಕಿಂತ ಕಡಿಮೆ ಇರಬಾರದು.

ಅಳತೆ: ಸುತ್ತಳತೆ, ಎತ್ತರ, ಕಾಲುಗಳ ಅಂತರ ಹೊಂದಬೇಕು. ಮೈನಸ್ ಪಟ್ಟಿ ಅದಲುಬದಲಾದರೆ ಸಿಡಿಯುತ್ತೆ.

'ರಿಪೇರಿ ಹಕ್ಕಿ'ಗಾಗಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿತು. ಒಳ್ಳೇದೇ. ಆದರೆ ರಾಮನಗರ, ಕನಕಪುರ, ಮಾಗಡಿಯವರು ಒಂದು ಒಳ್ಳೆಯ ಕೆಪಾಸಿಟರ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕಾದರೆ, ಬಿಡಿಭಾಗಕ್ಕಿಂತ ಬಸ್ ಚಾರ್ಜೇ ಜಾಸ್ತಿ. ಬಿಡಿಭಾಗವೂ ಅದನ್ನು ಆರಿಸುವ ತಿಳಿವಳಿಕೆಯೂ ಊರಲ್ಲೇ ಸಿಗದೆ ಆ ಹಕ್ಕು ಕಾಗದದಿಂದ ಇಳಿಯಲ್ಲ.