ಅಳತೆಗೋಲಾದ ಕಂದು ಇಲಿ: ಕಾಫಿ ಸೀಮೆಯ ದಂಶಕಗಳಲ್ಲಿ ವಿಕೆಒಆರ್‌ಸಿ1 ಜೀನಿನ ಹೋಲಿಕೆ

ಮಲ್ಲಂದೂರಿನ ಕಾಫಿ ತೋಟಗಳಲ್ಲಿ ‘ಇಲಿ’ ಎಂದರೆ ಒಂದೇ ಪ್ರಾಣಿಯಲ್ಲ. ಹೆಸರಿನಲ್ಲಿ ಇಲಿಯಿದ್ದರೂ ಸೊಂಡಿಲಿ ದಂಶಕವಲ್ಲ. ಹಂದಿಯೆನಿಸಿಕೊಂಡ ಮುಳ್ಳುಹಂದಿ ದಂಶಕವೇ. ಪಾಷಾಣಕ್ಕೆ ಇಲಿ ಸಾಯುತ್ತಿಲ್ಲವೆಂಬ ದೂರು ಬಂದರೆ ಮೊದಲು ಕೇಳಬೇಕಾದ್ದು, ಯಾವ ಇಲಿ ಎಂದು.

ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಸಿದ್ಧವಾಗಲು ವಿಟಮಿನ್ ಕೆ ಬೇಕು. ಬಳಸಿ ಮುಗಿದ ವಿಟಮಿನ್ನನ್ನು ಮತ್ತೆ ಕೆಲಸಕ್ಕೆ ಹಚ್ಚುವ ಕಿಣ್ವವನ್ನು ಇಲಿ ಪಾಷಾಣಗಳಾದ ವಾರ್ಫರಿನ್, ಬ್ರೋಮಡಿಯೋಲೋನ್ ತಡೆಯುತ್ತವೆ. ಇಲಿ ಒಳಗೇ ರಕ್ತ ಸೋರಿ ಸಾಯುತ್ತದೆ. ಸ್ಕಾಟ್ಲೆಂಡಿನ ಕಂದು ಇಲಿಗಳು ವಾರ್ಫರಿನ್ನಿಗೆ ಜಗ್ಗದಿದ್ದುದು 1958ರಲ್ಲೇ ಕಂಡಿತ್ತು. ಈ ಕಿಣ್ವದ ಜೀನು ವಿಕೆಒಆರ್‌ಸಿ1 ಎಂದು ಎರಡು ತಂಡಗಳು ತೋರಿಸಿದ್ದು 2004ರಲ್ಲಿ.

ಈ ಪ್ರೋಟೀನು 163 ಅಮೈನೋ ಆಮ್ಲಗಳಷ್ಟು ಚಿಕ್ಕದು. ಅದರ 139ನೆಯ ಸ್ಥಾನದ ಟೈರೋಸಿನ್ನಿಗೆ ಸಂಕೇತ ಟಿಎಟಿ. ನಡುವಿನ ‘ಎ’ ಹೋಗಿ ‘ಜಿ’ ಬಂದರೆ ಸಿಸ್ಟೀನ್, ‘ಟಿ’ ಬಂದರೆ ಫಿನೈಲಲನಿನ್. ಪಾಷಾಣಕ್ಕೆ ಜಗ್ಗದ ಯುರೋಪಿನ ಇಲಿಗಳಲ್ಲಿ ಈ ಎರಡೂ ಸಿಕ್ಕಿವೆ. ಬಾಲದ ತುದಿಯ ಡಿಎನ್‌ಎಯನ್ನು ನೇರವಾಗಿ ಓದಿದರೆ ತಂದೆತಾಯಿಯರ ಎರಡು ಪ್ರತಿಗಳೂ ಒಂದರ ಮೇಲೊಂದು ಬಿದ್ದು, ವ್ಯತ್ಯಾಸವಿದ್ದಲ್ಲಿ ಜೋಡಿ ಶಿಖರ ಮೂಡುತ್ತದೆ. ಪ್ಲಾಸ್ಮಿಡ್‌ಗೆ ಸೇರಿಸಿ ತದ್ರೂಪು ಮಾಡಿದರೆ ಬ್ಯಾಕ್ಟೀರಿಯಾದ ಒಂದೊಂದು ಕಾಲನಿಯಲ್ಲಿ ಒಂದೊಂದೇ ಪ್ರತಿ. ಎರಡು ಬದಲಾವಣೆಗಳು ಒಂದೇ ಎಳೆಯಲ್ಲಿವೆಯೇ ಎಂಬುದು ಆಗ ತಿಳಿಯುತ್ತದೆ. ಇದೇ ಕುಟುಂಬದ ವಿಕೆಒಆರ್‌ಸಿ1ಎಲ್1 ಎಂಬ ಜೀನು, ಪ್ರತಿ ತೆಗೆಯಲು ಬಳಸುವ ಡಿಎನ್‌ಎ ತುಣುಕಾದ ಪ್ರೈಮರಿಗೆ ಸಿಕ್ಕಿಹಾಕಿಕೊಳ್ಳದಂತೆಯೂ ನೋಡಿಕೊಳ್ಳಬೇಕು.

ತೊಡಕು ಇರುವುದು ಹೋಲಿಕೆಯಲ್ಲಿ. ಅಳತೆಗೋಲಾಗಿ ಸಾಮಾನ್ಯವಾಗಿ ಇಡುವುದು ಕಂದು ಇಲಿಯ ಅನುಕ್ರಮ. ನಮ್ಮಲ್ಲಿ ಅದು ಹೆಚ್ಚಾಗಿ ಬಂದರು, ಪಟ್ಟಣಗಳ ಪ್ರಾಣಿ. ಮಲೆನಾಡಿನ ಕಪ್ಪು ಇಲಿ, ಹೆಗ್ಗಣಗಳ ಜೀನನ್ನು ಅದರ ಪಕ್ಕ ಇಟ್ಟು, ಕಂಡ ವ್ಯತ್ಯಾಸಕ್ಕೆಲ್ಲ ‘ಪ್ರತಿರೋಧ’ ಎಂದು ಚೀಟಿ ಅಂಟಿಸುವುದು ದುಡುಕು. ಅದು ಆ ಪ್ರಭೇದದ ಹುಟ್ಟುಗುಣವೇ ಇರಬಹುದು. ಎರವಲೂ ಆಗಿರಬಹುದು: ಯುರೋಪಿನ ಮನೆಯಿಲಿಗಳು ಅಲ್ಜೀರಿಯದ ಇಲಿಯೊಡನೆ ಬೆರೆತು ಈ ಜೀನನ್ನೇ ಪಡೆದಿದ್ದವೆಂದು 2011ರಲ್ಲಿ ಪ್ರಕಟವಾಯಿತು, ಆ ಮಿಶ್ರ ಸಂತಾನದಲ್ಲಿ ಬಂಜೆತನ ಸಾಮಾನ್ಯವಾಗಿದ್ದರೂ. ನಿರ್ಧರಿಸಬೇಕಾದರೆ ತದ್ರೂಪು ಜೀನನ್ನು ಸಾಕಿದ ಜೀವಕೋಶಗಳಲ್ಲಿ ದುಡಿಸಿ, ವಾರ್ಫರಿನ್ ಬೆರೆಸಿದಾಗ ಕಿಣ್ವದ ಚಟುವಟಿಕೆ ಎಷ್ಟು ಉಳಿಯುತ್ತದೆಂದು ಅಳೆಯಬೇಕು.

ಇನ್ನು, ತೋಟದಲ್ಲಿ ಪಾಷಾಣ ಸೋಲುವುದಕ್ಕೆ ಜೀನೇ ಬೇಕಿಲ್ಲ. ಆಷಾಢದ ಮಳೆಗೆ ನೆನೆದು ಬೂಸು ಹಿಡಿದ ಪಾಷಾಣದ ಕೇಕನ್ನು, ಪಕ್ಕದಲ್ಲೇ ಏಲಕ್ಕಿ ಕಾಯಿರುವಾಗ, ಯಾವ ಇಲಿ ಮೂಸೀತು? ಹಾಗಾಗಿ ಬಾಲದ ತುದಿಯ ಜೊತೆಗೆ, ಯಾವ ಇಲಿಯೆಂದು ಗುರುತಿಸಲು, ಅದೇ ಪ್ರಾಣಿಯ ತಲೆಬುರುಡೆ, ತೊಗಲು, ಮೈಟೋಕಾಂಡ್ರಿಯದ ಸೈಟೋಕ್ರೋಮ್-ಬಿ ಅನುಕ್ರಮ ಒಂದೇ ಸಂಖ್ಯೆಯಡಿ ದಾಖಲಾಗಬೇಕು; ಕೇಕು ಕಡಿದಿತ್ತೇ, ಹಾಗೇ ಉಳಿದಿತ್ತೇ ಎಂಬ ಒಂದು ಸಾಲೂ ಕೂಡ.